ಅರವತ್ತು ದಾಟಿದ ಮೇಲೆ ಓಡಬೇಕೇ?

ಪರ

ಮುಂಬಯಿಯ ಶಿವಾಜಿ ಪಾರ್ಕಿನ ಸುತ್ತಲಿನ ಗಿಡ್ಡ ಗೋಡೆಗೆ ಮರಾಠಿಯಲ್ಲಿ ಕಟ್ಟಾ ಎನ್ನುತ್ತಾರೆ. ಕುಂದಾಪುರದ ಕಡೆಯವನಾದ ನನಗೆ ಅದು ನಮ್ಮೂರಿನ ಅಶ್ವತ್ಥಕಟ್ಟೆಯೇ. ಬ್ಯಾಂಕಿನಿಂದ ನಿವೃತ್ತನಾಗಿ ಎರಡು ವರ್ಷ ಅದರ ಮೇಲೆ ಕುಳಿತು ಓಡುವವರನ್ನು ನೋಡಿದೆ. ಮಾಟುಂಗದಲ್ಲಿ ನಮ್ಮದು ಲಿಫ್ಟಿಲ್ಲದ ಕಟ್ಟಡ. ಮೂರನೆಯ ಮಹಡಿ ತಲುಪುವಷ್ಟರಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾದ ದಿನ ಕಟ್ಟೆಯಿಂದ ಎದ್ದೆ.

ಆಗ ನನಗೆ 62. ವೈದ್ಯರಲ್ಲಿ ಹೃದಯದ ತಪಾಸಣೆ ಮಾಡಿಸಿಕೊಂಡು, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಆರಂಭಿಸಿದೆ. ಅರ್ಧ ಗಂಟೆ ನಿಲ್ಲದೆ ಓಡಲು ಏಳು ತಿಂಗಳು ಹಿಡಿಯಿತು. ಜೊತೆಯವರೊಡನೆ ಮಾತಾಡಲು ಆಗದಷ್ಟು ವೇಗಕ್ಕೆ ಇಂದಿಗೂ ಹೋಗುವುದಿಲ್ಲ. ಗಾಳಿ ಕೆಟ್ಟಿರುವ ದಿನ ಮನೆಯಲ್ಲೇ ಇರುತ್ತೇನೆ.

ಮಂಡಿ ಸವೆದುಹೋಗುತ್ತದೆ ಎಂದು ಹೆದರಿಸದವರೇ ಇಲ್ಲ. ಮಂಡಿಯೇನು ಉಜ್ಜಿ ಉಜ್ಜಿ ತೆಳುವಾಗುವ ಚಪ್ಪಲಿಯ ಅಟ್ಟೆಯೇ? ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಭಾರ ಬಿದ್ದು, ಭಾರ ಇಳಿದು, ಕೀಲಿನ ದ್ರವ ಒಳಗೆ ಹೊರಗೆ ಆಡಿದಾಗಲೇ ಅದಕ್ಕೆ ಪೋಷಣೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು 1984ರಿಂದ ಎರಡು ದಶಕ, ಐವತ್ತು ದಾಟಿದ ಓಡುಗರನ್ನೂ ಓಡದವರನ್ನೂ ಗಮನಿಸುತ್ತ ಬಂದರು. ಎಕ್ಸ್‌ರೇಗಳಲ್ಲಿ ಓಡುಗರ ಮಂಡಿ ಹೆಚ್ಚು ಹಾಳಾದದ್ದು ಕಾಣಲಿಲ್ಲ. 19 ವರ್ಷಗಳ ಹೊತ್ತಿಗೆ ಓಡದವರಲ್ಲಿ ಶೇ 34 ಮಂದಿ ತೀರಿಕೊಂಡಿದ್ದರೆ, ಓಡುಗರಲ್ಲಿ ಶೇ 15. ನನ್ನ ಮನಸ್ಸಿನಲ್ಲಿ ನಿಂತದ್ದು ಸಾವಿನ ಲೆಕ್ಕವಲ್ಲ. ಕುರ್ಚಿಯಿಂದ ಏಳುವುದು, ಬಟ್ಟೆ ತೊಡುವುದು, ನಡೆಯುವುದು ಇಂಥ ದಿನನಿತ್ಯದ ಕೆಲಸಗಳಲ್ಲಿ ಅಸಹಾಯಕತೆ ಓಡುಗರಿಗೆ ಬಹಳ ತಡವಾಗಿ ಬಂತು. ಮಕ್ಕಳು ದೂರದ ಊರುಗಳಲ್ಲಿರುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಆಸ್ತಿ ಯಾವುದಿದೆ?

ಒಮ್ಮೆ ಮಳೆಗೆ ಹಳಿಗಳ ಮೇಲೆ ನೀರು ನಿಂತು ಲೋಕಲ್ ರೈಲು ಕುರ್ಲಾದಲ್ಲೇ ಉಳಿಯಿತು. ನಾನೂ ನನ್ನ ಹೆಂಡತಿಯೂ ಸಯನ್ ದಾಟಿ ಮಾಟುಂಗದವರೆಗೆ ನಡೆದೇ ಬಂದೆವು. ಆಕೆಯ ಚೀಲವೂ ನನ್ನ ಹೆಗಲ ಮೇಲಿತ್ತು. ಮೆಟ್ಟಿಲುಗಳನ್ನು ಎಲ್ಲಿಯೂ ನಿಲ್ಲದೆ ಹತ್ತಿದೆ.

ವಿರೋಧ

ನಮ್ಮವರು 64ನೆಯ ವಯಸ್ಸಿನಲ್ಲಿ ಓಟ ಆರಂಭಿಸಿದರು. ನಾಲ್ಕನೆಯ ತಿಂಗಳು, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಘಾಟ್ಕೋಪರಿನ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಎದ್ದು ನಿಂತಿದ್ದ ಒಂದು ಪೇವರ್ ಬ್ಲಾಕ್ ಎಡವಿ ಬಿದ್ದರು. ತೊಡೆಯ ಮೂಳೆ ಸೊಂಟದ ಬಳಿ ಮುರಿದಿತ್ತು. ಶಸ್ತ್ರಚಿಕಿತ್ಸೆ ಮಾಡಿ ರಾಡ್ ಹಾಕಿದರು. ಮೂರು ತಿಂಗಳು ಅವರನ್ನು ಮಗ್ಗುಲು ಬದಲಾಯಿಸಿ ಮಲಗಿಸಿದ್ದು, ಬೆಡ್‌ಪ್ಯಾನ್ ಇಟ್ಟು ತೆಗೆದದ್ದು, ರಾತ್ರಿ ನೋವಿಗೆ ಎಚ್ಚರವಾದಾಗ ಕಾಲು ಹಿಡಿದು ಕುಳಿತದ್ದು ನಾನು. ನನಗೂ ಆಗ 61. ಓಟದ ಲಾಭಗಳನ್ನು ಬರೆಯುವವರು ಈ ಎರಡನೆಯ ದೇಹವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಕೇಳುತ್ತೇನೆ.

ಸ್ಟ್ಯಾನ್‌ಫರ್ಡಿನ ಅಂಕಿಗಳನ್ನು ನಾನೂ ಓದಿದ್ದೇನೆ. ಆ ಓಡುಗರು ಅಧ್ಯಯನಕ್ಕೆ ಸೇರುವ ಮೊದಲೇ ಓಟದ ಸಂಘದ ಸದಸ್ಯರು, ವರ್ಷಗಳಿಂದ ಓಡುತ್ತಿದ್ದವರು. ಗಟ್ಟಿಯಾಗಿರುವವರು ಓಡುತ್ತಲೇ ಇರುತ್ತಾರೆ, ಆಗದವರು ಬಿಡುತ್ತಾರೆ. ಮೂವತ್ತೈದು ವರ್ಷ ಕುರ್ಚಿಯಲ್ಲಿ ಕುಳಿತು ಅರವತ್ತಕ್ಕೆ ಬೂಟು ಕಟ್ಟುವವರಿಗೂ ಅಷ್ಟೇ ಫಲ ಸಿಗುತ್ತದೆ ಎಂದು ಅದರಿಂದ ಹೇಳುವುದು ಹೇಗೆ?

ಫೌಜಾ ಸಿಂಗ್ 2011ರಲ್ಲಿ, 100ನೆಯ ವಯಸ್ಸಿನಲ್ಲಿ, ಟೊರಾಂಟೊ ಮ್ಯಾರಥಾನ್ ಮುಗಿಸಿದ ಕಥೆ ನಮ್ಮವರಿಗೆ ಬಾಯಿಪಾಠವಾಗಿತ್ತು. ಆ ಹಿರಿಯರ ಬಗ್ಗೆ ನನಗೂ ಗೌರವವಿದೆ. 2025ರಲ್ಲಿ ಪಂಜಾಬಿನ ತಮ್ಮ ಊರಿನ ರಸ್ತೆಯಲ್ಲೇ ವಾಹನ ಬಡಿದು ಅವರು ತೀರಿಕೊಂಡರು. ಶತಮಾನ ಕಳೆದರೂ ಸೋಲದ ಆ ಹೃದಯವನ್ನು ರಸ್ತೆ ಉಳಿಸಿಕೊಡಲಿಲ್ಲ.

ನಮ್ಮ ವಯಸ್ಸಿನವರ ಔಷಧಿಯ ಡಬ್ಬಿಯನ್ನೂ ತೆರೆದು ನೋಡಬೇಕು. ಇನ್ಸುಲಿನ್ ಮತ್ತು ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಿದ್ದರೆ ಓಡುವಾಗ ರಕ್ತದ ಸಕ್ಕರೆ ಥಟ್ಟನೆ ಇಳಿಯಬಹುದು. ರಕ್ತದೊತ್ತಡದ ಕೆಲವು ಮಾತ್ರೆಗಳು ನಾಡಿಯ ವೇಗವನ್ನು ತಡೆಹಿಡಿಯುತ್ತವೆ. ಕೈಗಡಿಯಾರ ತೋರಿಸುವ ಅಂಕಿಯನ್ನು ನಂಬಿ ಹೆಜ್ಜೆ ಜೋರು ಮಾಡಿದವರು ಮೋಸಹೋಗುತ್ತಾರೆ. ಇನ್ನು ಮುಂಬಯಿಯ ಚಳಿಗಾಲದ ಮುಂಜಾವು: ತಣ್ಣನೆಯ ಗಾಳಿ ಕೆಳಗೇ ನಿಂತು ಹೊಗೆಯನ್ನೂ ಧೂಳನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಓಡುವವರು ಬಾಯಿ ತೆರೆದು, ಹಲವು ಪಟ್ಟು ಹೆಚ್ಚು, ಅದನ್ನೇ ಎಳೆದುಕೊಳ್ಳುತ್ತಾರೆ.

ದೇಹ ದಣಿಯಲೇಬಾರದು ಎಂದು ನಾನು ಹೇಳುತ್ತಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬಿರುಸಿನ ನಡಿಗೆ ಅದರಲ್ಲಿ ಬರುತ್ತದೆ. 65 ದಾಟಿದವರಿಗೆ ಅದು ಸೇರಿಸುವ ಇನ್ನೊಂದು ಮಾತನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ: ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮ. ಬೀಳದಂತೆ ಕಾಯುವುದು ಅದು.

ಈಗ ನಾವಿಬ್ಬರೂ ಬಿಸಿಲು ಬಂದ ಮೇಲೆ ಸೊಸೈಟಿಯ ಅಂಗಳದಲ್ಲಿ ನಲವತ್ತು ನಿಮಿಷ ನಡೆಯುತ್ತೇವೆ. ಮನೆಗೆ ಬಂದು, ಕಿಟಕಿಯ ಸರಳಿನ ಹತ್ತಿರ, ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ. ನಾನು ಎಣಿಸುತ್ತೇನೆ. ರಾಡ್ ಇರುವ ಕಾಲಿನಲ್ಲಿ ನಮ್ಮವರು ನಿನ್ನೆ ಹನ್ನೆರಡರವರೆಗೆ ನಿಂತರು.