ನಿವೃತ್ತಿಯ ನಂತರ ಪದಕ ಸೇರಿಸಲಾಗದೇ? ಸತ್ಯಾಂಶ

ಡಿಸ್ಚಾರ್ಜ್ ಬುಕ್‌ನಲ್ಲಿ (ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಸೇವಾ ವಿವರಗಳ ಪುಸ್ತಕ) ನಮೂದಾಗದ ಪದಕವನ್ನು ನಿವೃತ್ತಿಯ ನಂತರ ಸೇರಿಸಲು ಬಾರದು, ಸೇರಿಸಿದರೆ ಪಿಂಚಣಿ ಏರುತ್ತದೆಂದೇ ಸರ್ಕಾರ ಅದನ್ನು ತಡೆದಿದೆ ಎಂಬ ಸಂದೇಶ ರಾಯಚೂರು, ಸಿಂಧನೂರು, ಗಂಗಾವತಿ ಕಡೆಯ ಮಾಜಿ ಸೈನಿಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದರ ಎರಡು ಮಾತುಗಳೂ ಸರಿಯಲ್ಲ.

ಜವಾನರ ಮತ್ತು ಜೆಸಿಒಗಳ (ಸುಬೇದಾರ್ ಮುಂತಾದ ಕಿರಿಯ ಅಧಿಕಾರಿಗಳ) ಸೇವಾ ದಾಖಲೆಯು ನಿವೃತ್ತಿಯ ಬಳಿಕವೂ ಅವರವರ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯಲ್ಲಿರುತ್ತದೆ. ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ. ಸೇವಾ ಸಂಖ್ಯೆ, ಘಟಕ, ಪದಕಕ್ಕೆ ಸಂಬಂಧಿಸಿದ ಅವಧಿಯಲ್ಲಿ ಕೆಲಸ ಮಾಡಿದ ಸ್ಥಳ ಇವುಗಳನ್ನು ಬರೆದು, ಡಿಸ್ಚಾರ್ಜ್ ಬುಕ್‌ನ ಪ್ರತಿ ಲಗತ್ತಿಸಿ ಅಲ್ಲಿಗೆ ಅರ್ಜಿ ಸಲ್ಲಿಸಬಹುದು. ಸೈನಿಕ ತೀರಿಕೊಂಡಿದ್ದರೆ ಪತ್ನಿಯೇ ಬರೆಯಬಹುದು. ಜಿಲ್ಲಾ ಮಟ್ಟದ ಸೈನಿಕ ಕಲ್ಯಾಣ ಕಚೇರಿ ಅರ್ಜಿಗೆ ನೆರವಾಗುತ್ತದೆಯೇ ಹೊರತು ದಾಖಲೆ ತಿದ್ದುವ ಅಧಿಕಾರ ಅದಕ್ಕಿಲ್ಲ.

ಆದರೆ ಕೇಳಿದ ಮಾತ್ರಕ್ಕೆ ಪದಕ ಸಿಗುವುದಿಲ್ಲ. 1971ರ ಯುದ್ಧದ ಪೂರ್ವಿ ಸ್ಟಾರ್ ಪೂರ್ವ ರಂಗದಲ್ಲಿದ್ದವರಿಗೆ, ಪಶ್ಚಿಮಿ ಸ್ಟಾರ್ ಪಶ್ಚಿಮ ರಂಗದಲ್ಲಿದ್ದವರಿಗೆ ಸಲ್ಲುವುದರಿಂದ, ಆ ವರ್ಷ ಸಮವಸ್ತ್ರದಲ್ಲಿದ್ದೆ ಎಂಬುದಷ್ಟೇ ಸಾಲದು. ಘಟಕ ಎಲ್ಲಿತ್ತೆಂಬುದನ್ನು ಹಳೆಯ ಆದೇಶಗಳೊಡನೆ ತಾಳೆ ನೋಡಲಾಗುತ್ತದೆ. ಶೌರ್ಯ ಪ್ರಶಸ್ತಿಯ ಮಾತೇ ಬೇರೆ: ರಾಜಪತ್ರದಲ್ಲಿ ಪ್ರಕಟವಾಗಿದ್ದು ದಾಖಲೆಯಲ್ಲಿ ಬಿಟ್ಟುಹೋಗಿದ್ದರೆ ಮಾತ್ರ ಅದು ತಿದ್ದುಪಡಿಯ ವಿಷಯ.

ಪಿಂಚಣಿಯು ಹುದ್ದೆ ಮತ್ತು ಸೇವಾವಧಿಯ ಮೇಲೆ ನಿಲ್ಲುತ್ತದೆ. ಪರಮವೀರ ಚಕ್ರದಂತಹ ಶೌರ್ಯ ಪ್ರಶಸ್ತಿಗಳಿಗೆ ಪ್ರತ್ಯೇಕ ಭತ್ಯೆಯಿದೆ, ಯುದ್ಧಸೇವೆಯ ಸಾಮಾನ್ಯ ಪದಕಗಳಿಂದ ಪಿಂಚಣಿ ಏರುವುದಿಲ್ಲ. ಹಾಗಾಗಿ "ಪದಕ ಸೇರಿಸಿ ಪಿಂಚಣಿ ಹೆಚ್ಚಿಸಿಕೊಡುತ್ತೇವೆ" ಎನ್ನುವ ಮಧ್ಯವರ್ತಿಗಳಿಗೆ ಹಣ ಕೊಡಬೇಕಾದ ಕಾರಣವೇ ಇಲ್ಲ.