ನಿಮ್ಮದು ಯಾವ ವಿಂಡೋಸ್ ಸರ್?

ಅಕ್ಕನ ಮಗ ಬೆಂಗಳೂರಿನಿಂದ ಬಂದದ್ದು ತಲಕಾವೇರಿಯ ತೀರ್ಥೋದ್ಭವ ನೋಡೋಕೆ. ಹೋಗುವಾಗ ನನ್ನ ಲ್ಯಾಪ್‌ಟಾಪಿಗೂ ಪುನರ್ಜನ್ಮ ಕೊಟ್ಟು ಹೋದ. 2025ರ ಅಕ್ಟೋಬರ್ 14ಕ್ಕೆ, ತೀರ್ಥ ಬರುವ ಮೂರು ದಿನ ಮೊದಲು, ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತ್ತು. ನನ್ನ ಹಳೇ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಲಾಯಕ್ಕಿಲ್ಲವಂತೆ. "ವಿಂಡೋಸ್ ಬದಲು ಲಿನಕ್ಸ್ ಹಾಕ್ತೀನಿ ಮಾವ, ಕಾಸು ಕೊಡೋದು ಬೇಡ" ಅಂದ. ಕಾಸು ಬೇಡ ಅಂದಮೇಲೆ ನಾನು ಬೇಡ ಅನ್ನೋದುಂಟಾ?

ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಫೆಬ್ರವರಿಯಲ್ಲಿ, ಮೆಣಸು ಕೊಯ್ಲಿನ ಗಡಿಬಿಡಿ ನಡುವೆ, ಒಂದು ಮಧ್ಯಾಹ್ನ ಇಂಟರ್ನೆಟ್ ಸತ್ತಿತು. ರೌಟರಿನಲ್ಲಿ ಎಲ್‌ಒಎಸ್ ಅನ್ನುವ ಕೆಂಪು ದೀಪ ಮಿಣುಕುತ್ತಿತ್ತು. ಮನೆಗೆ ಇಂಟರ್ನೆಟ್ ತರುವ ಫೈಬರ್ ಕೇಬಲಿನಲ್ಲಿ ಬೆಳಕೇ ಬರುತ್ತಿಲ್ಲ ಅಂತ ಅದರ ಅರ್ಥ. ನನಗೆ ಗೊತ್ತಾದದ್ದು ಆಮೇಲೆ.

ನಮ್ಮಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಹಾಗಾಗಿ ಲ್ಯಾಪ್‌ಟಾಪ್ ಒಳಗೆ, ನಾನು ಕಣದಲ್ಲಿ, ನಡುವೆ ಬಾಗಿಲಲ್ಲಿ ಹೆಂಡತಿ. ಇಂಟರ್ನೆಟ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬಳು ಹುಡುಗಿ ಎತ್ತಿದಳು.

"ನಿಮ್ಮದು ಯಾವ ವಿಂಡೋಸ್ ಸರ್?"

"ವಿಂಡೋಸ್ ಅಲ್ಲಮ್ಮ, ಲಿನಕ್ಸ್."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಇತ್ತೀಚೆಗೆ ಏನಾದರೂ ಬದಲಾಯಿಸಿದ್ದೀರಾ ಸರ್?"

ನಾನು ಹರಿಶ್ಚಂದ್ರನ ಮೊಮ್ಮಗ. ವಿಂಡೋಸ್ ತೆಗೆಸಿದ್ದನ್ನು ಹೇಳಿಬಿಟ್ಟೆ.

"ಅದೇ ಪ್ರಾಬ್ಲಂ ಸರ್. ನಮ್ಮ ಸಪೋರ್ಟ್ ವಿಂಡೋಸ್‌ಗೆ ಮಾತ್ರ."

"ನಾಲ್ಕು ತಿಂಗಳು ಓಡಿತಲ್ಲಮ್ಮ?"

"ಈಗ ಓಡ್ತಿಲ್ಲವಲ್ಲ ಸರ್."

ಇದಕ್ಕೆ ಏನು ಹೇಳೋದು? ಅಳಿಯನಿಗೆ ಫೋನ್ ಮಾಡಿದರೆ ಬಿದ್ದು ಬಿದ್ದು ನಕ್ಕ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅನ್ನುವ ಫಿನ್ಲೆಂಡಿನ ಹುಡುಗ ಕಾಲೇಜಿನಲ್ಲಿದ್ದಾಗ ಶುರು ಮಾಡಿದ್ದಂತೆ ಈ ಲಿನಕ್ಸ್. ಈಗ ಆಂಡ್ರಾಯ್ಡ್ ಫೋನಿನೊಳಗೂ ಅದೇ, ಎಷ್ಟೋ ರೌಟರುಗಳ ಹೊಟ್ಟೆಯಲ್ಲೂ ಅದೇ. ಅಂದರೆ ಲಿನಕ್ಸ್ ಕಂಡರಾಗದ ಆ ಕಂಪನಿಯೇ ನನ್ನ ಗೋಡೆಗೆ ಲಿನಕ್ಸ್ ಹೊಡೆದು ಹೋಗಿರಬಹುದು! "ಸುಮ್ನೆ ವಾದ ಬೇಡ ಮಾವ. ವಿಂಡೋಸ್ ಅಂತ ಹೇಳಿ. ನಾನೂ ಹಾಗೇ ಮಾಡೋದು."

ಎರಡನೇ ಸಲ ಒಬ್ಬ ಹುಡುಗ ಸಿಕ್ಕಿದ. ವಿಂಡೋಸ್ 10 ಅಂದೆ. ದನಿಯಲ್ಲೇ ಗೆಲುವು ಬಂತು.

"ಸ್ಟಾರ್ಟ್ ಬಟನ್ ಒತ್ತಿ ಸರ್."

"ಒತ್ತಿದೆ."

"ಏನು ಒತ್ತಬೇಕೂ?" ಬಾಗಿಲಿನಿಂದ ಹೆಂಡತಿ ಕೂಗಿದಳು.

"ಏನೂ ಒತ್ತಬೇಡ!"

"ಸರ್?"

"ನಿಮಗಲ್ಲಪ್ಪ."

ಕಂಟ್ರೋಲ್ ಪ್ಯಾನೆಲ್ ತೆರೆದೆ. ನೆಟ್‌ವರ್ಕ್ ಸೆಟ್ಟಿಂಗಿಗೆ ಹೋದೆ. ಎಲ್ಲವೂ ಕಣದಲ್ಲಿ ನಿಂತು, ಕಣ್ಣು ಮುಚ್ಚಿಕೊಂಡು. "ಈಗ ಏನು ಕಾಣ್ತಿದೆ ಸರ್?" ಕಣ್ಣು ಬಿಟ್ಟರೆ ಒಣಗಲು ಹರವಿದ ಮೆಣಸು ಕಾಣುತ್ತಿತ್ತು. "ಸುತ್ತುತ್ತಾ ಇದೆ" ಅಂದೆ. ಹುಡುಗ ತಕ್ಷಣ ನಂಬಿದ. ವಿಂಡೋಸ್ ನೋಡಿದವರು ಯಾರೂ ಈ ಮಾತನ್ನು ಅನುಮಾನಿಸುವುದಿಲ್ಲ.

"ಒಂದು ಆ್ಯಪ್ ಹಾಕಿಕೊಳ್ಳಿ ಸರ್, ಇಲ್ಲಿಂದಲೇ ನಾನು ನೋಡ್ತೀನಿ. ಇಂಟರ್ನೆಟ್‌ನಲ್ಲಿ ಸಿಗುತ್ತೆ."

ಹೇಳಿದ ಮೇಲೆ ಅವನಿಗೇ ಹೊಳೆಯಿತು ಅಂತ ಕಾಣುತ್ತೆ. ಕೆಮ್ಮಿದ. "ರೌಟರಿನಲ್ಲಿ ಕೆಂಪು ದೀಪ ಇದೆಯಾ ಸರ್?" ಇದೇ ಪ್ರಶ್ನೆ ಒಂದು ಗಂಟೆ ಮೊದಲು ಬರಬಹುದಿತ್ತು, ಅಲ್ವಾ?

ಮಾರನೇ ದಿನ ಲೈನ್‌ಮ್ಯಾನ್ ಬಂದ. ಲ್ಯಾಪ್‌ಟಾಪ್ ಕಡೆ ತಿರುಗಿಯೂ ನೋಡಲಿಲ್ಲ. ಅಂಗೈಯಷ್ಟು ಮಿಷಿನ್ ಹಚ್ಚಿದ. ರಸ್ತೆಬದಿಯ ಕಂಬದಲ್ಲಿ ಬೆಳಕು ಸರಿಯಾಗಿದೆ, ಮನೆಗೆ ಬರುವಷ್ಟರಲ್ಲಿ ಇಲ್ಲ. ಸಿಲ್ವರ್ ಓಕ್‌ನಿಂದ ಸಿಲ್ವರ್ ಓಕ್‌ಗೆ ಕಟ್ಟಿಕೊಂಡು ಬಂದ ಕೇಬಲ್ ಹಿಡಿದು ತೋಟದೊಳಗೆ ನಡೆದ. ಏಳನೇ ಮರದ ಬುಡದಲ್ಲಿ ನಿಂತು ನನ್ನನ್ನು ಕರೆದ.

ಮರಕ್ಕೆ ಮೆಣಸು ಕೊಯ್ಯುವ ಏಣಿ ಒರಗಿತ್ತು. ಏಣಿಗೂ ಮರಕ್ಕೂ ನಡುವೆ ನಮ್ಮ ಕೇಬಲ್ ಅಪ್ಪಚ್ಚಿಯಾಗಿತ್ತು. ಒಳಗಿರುವುದು ಕೂದಲಿನಷ್ಟು ತೆಳ್ಳನೆಯ ಗಾಜು. ಹೇಗೆ ತಡೆದೀತು?

"ಯಾರಣ್ಣ ಈ ಏಣಿ ಇಟ್ಟಿದ್ದು?"

ಗಾಳಿ ಜಾಸ್ತಿ ಇತ್ತು ಅನ್ನೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಹೆಂಡತಿ, "ಇವರೇ" ಅಂದಳು.

ಸಂಜೆ ಕಣದ ಮೂಲೆಗೆ ಹೋದಾಗ ಮೊಬೈಲಿಗೆ ಮೆಸೇಜ್ ಬಂತು. "ನಿಮ್ಮ ದೂರು ಬಗೆಹರಿದಿದೆ. ಕಾರಣ: ಗ್ರಾಹಕರ ವಿಂಡೋಸ್ ಸೆಟ್ಟಿಂಗ್." ಏಣಿಯ ಸುದ್ದಿಯೇ ಇಲ್ಲ. ಹೆಂಡತಿಗೆ ಎರಡು ಸಲ ಓದಿ ಹೇಳಿ, ಐದಕ್ಕೆ ಐದು ಸ್ಟಾರ್ ಕೊಟ್ಟೆ.