ಬಿನ್ನವತ್ತಳೆಯ ಹೊಟ್ಟೆ ಸೀಳಬೇಡಿ

ಸನ್ಮಾನ ಪತ್ರದ ಮೊದಲ ಅನಾಹುತ ತಲೆಬರಹದಲ್ಲೇ ಆಗಿಹೋಗುತ್ತದೆ. ‘ಬಿನ್ನವತ್ತಳೆ’ ಅಂತ ಇರಬೇಕಾದ ಕಡೆ ‘ಭಿನ್ನವತ್ತಳೆ’ ಅಂತ ಚಿನ್ನದ ಬಣ್ಣದಲ್ಲಿ ಅಚ್ಚಾಗಿರುತ್ತದೆ. ಅದು ಬಿನ್ನಪದ ‘ಬಿ’. ಹೊಟ್ಟೆ ಸೀಳಿದಿರೋ, ಒಡಕಿನ ‘ಭಿನ್ನ’. ಗೌರವ ಹೆಚ್ಚಾದಷ್ಟೂ ಮಹಾಪ್ರಾಣ ಹೆಚ್ಚಾಗಬೇಕು ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಾಗಾಗಿಯೇ ‘ವಿದ್ವಾಂಸ’ರ ಹೊಟ್ಟೆಯನ್ನೂ ಸೀಳುತ್ತೇವೆ; ಅವಸರದಲ್ಲಿ ಒಂದು ದೀರ್ಘವೂ ಬಿದ್ದುಹೋದರೆ ಅಲ್ಲಿ ಉಳಿಯುವುದು ‘ವಿಧ್ವಂಸ’. ಇನ್ನು ‘ಕೃತಜ್ಞ’ ಬರೆಯಲು ಹೋಗಿ ‘ಕೃತಘ್ನ’ ಬರೆದವರು ಸಮಿತಿಗೆ ಏನು ಸಮಜಾಯಿಷಿ ಕೊಟ್ಟರೂ ಪ್ರಯೋಜನವಿಲ್ಲ.

ಕಾಗುಣಿತ ಸರಿಯಿದ್ದೂ ಮನುಷ್ಯನನ್ನು ಕೊಲ್ಲುವ ಪದಗಳಿವೆ. ‘ಕೀರ್ತಿಶೇಷ’ ಕೇಳಲು ಎಷ್ಟು ಭವ್ಯ! ಆದರೆ ಕೀರ್ತಿಯೊಂದೇ ಶೇಷವಾಗಿ ಉಳಿದವರು ಎಂದು ಅದರ ಅರ್ಥ. ಅಂದರೆ ಆಸಾಮಿ ಉಳಿದಿಲ್ಲ. ಪೇಟ ತೊಟ್ಟು, ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ವೇದಿಕೆಯ ಮೇಲೆ ಕೂತವರಿಗೆ ಇದು ಹೊಂದುವುದಿಲ್ಲ. ಕ್ರಿಯಾಪದವೂ ಇದೇ ಕೆಲಸ ಮಾಡುತ್ತದೆ: ‘ತುಂಬು ಜೀವನ ನಡೆಸಿದರು’ ಎಂದರೆ ಮುಗಿಯಿತು, ‘ನಡೆಸುತ್ತಿದ್ದಾರೆ’ ಎಂದರೆ ಊಟಕ್ಕೆ ಇನ್ನೂ ಬರುತ್ತಾರೆ.

ಎಲ್ಲಕ್ಕಿಂತ ಕಷ್ಟ, ಬೆಲೆ ಕಳೆದುಕೊಂಡ ದೊಡ್ಡ ಪದಗಳದ್ದು. ಮಹಾಶಯ, ಮಹಾನುಭಾವ, ಪುಣ್ಯಾತ್ಮ: ಮೂರೂ ಅಪ್ಪಟ ಹೊಗಳಿಕೆಯೇ. ಆದರೆ ‘ಆ ಪುಣ್ಯಾತ್ಮ ಫೋನೇ ಎತ್ತಲ್ಲ’, ‘ಮಹಾನುಭಾವರು ಹನ್ನೊಂದಕ್ಕೆ ಆಫೀಸಿಗೆ ಬಂದರು’ ಅಂತ ನಾವು ದಿನಾ ಬಳಸಿ ಬಳಸಿ ಅವುಗಳ ಬಾಯಿ ಸೊಟ್ಟಗಾಗಿದೆ. ‘ದೊಡ್ಡ ಮನುಷ್ಯ’ ಪರವಾಗಿಲ್ಲ, ಅದರ ಮುಂದೆ ‘ಭಾರೀ’, ಹಿಂದೆ ‘ಬಿಡ್ರಿ’ ಸೇರದ ತನಕ. ಅನುಮಾನ ಬಂದರೆ ಪದವನ್ನು ಒಮ್ಮೆ ಗಟ್ಟಿಯಾಗಿ ಓದಿ. ಪಕ್ಕದಲ್ಲಿದ್ದವರು ನಕ್ಕರೆ ತೆಗೆಯಿರಿ.

ಬಿರುದಿನ ವಿಷಯದಲ್ಲಿ ಕೈ ಹಿಡಿತವಿರಲಿ. ಕನ್ನಡದಲ್ಲಿ ರಾಷ್ಟ್ರಕವಿಗಳು ಮೂವರೇ: ಗೋವಿಂದ ಪೈ, ಕುವೆಂಪು, 2006ರಲ್ಲಿ ಜಿ.ಎಸ್. ಶಿವರುದ್ರಪ್ಪ. ಬಡಾವಣೆಯ ಯುಗಾದಿ ಕವಿಗೋಷ್ಠಿಯಲ್ಲಿ ನಾಲ್ಕನೆಯವರನ್ನು ಘೋಷಿಸಲು ನಿಮಗೆ ಅಧಿಕಾರವಿಲ್ಲ. ‘ನಾಡೋಜ’ ಆದಿಕವಿ ಪಂಪನ ನೆನಪಿನ ಮಾತು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೊಡುವ ಗೌರವ ಪದವಿ. ಕಿವಿಗೆ ಇಂಪಾಗಿದೆ ಅಂತ ಎತ್ತಿಕೊಳ್ಳುವ ಹಾಗಿಲ್ಲ. ಹೆಸರಿನ ಮುಂದೆ ‘ಪದ್ಮಶ್ರೀ’ ಅಂಟಿಸುವುದಂತೂ ಎಲ್ಲರೂ ಮಾಡುವ ತಪ್ಪು. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿದೆ. ಪದ್ಮ ಪ್ರಶಸ್ತಿಗಳನ್ನು ಹೆಸರಿನ ಹಿಂದೆ ಮುಂದೆ ಬಿರುದಿನಂತೆ ಬಳಸಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಪ್ರಶಸ್ತಿ ಬಂದ ಸಂಗತಿಯನ್ನು ಒಳಗೆ ಒಂದು ವಾಕ್ಯದಲ್ಲಿ ಹೇಳಿದರೆ ಸಾಕು. ‘ಶ್ರೀ ಡಾ.’ ಎಂಬ ಜೋಡೆತ್ತೂ ಬೇಡ, ಒಂದನ್ನು ಬಿಚ್ಚಿ.

ಹಾಗಾದರೆ ಬರೆಯುವುದೇನನ್ನು? ಯಾರು ಗೌರವಿಸುತ್ತಾರೆ, ಅದು ಹೇಗೆ ಗೊತ್ತಾಗುತ್ತದೆ, ಅದನ್ನು. ‘ಶಾರದೆಯ ವರಪುತ್ರರೇ’ ಎಂಬ ಸಾಲನ್ನು ಯಾರಿಗೆ ಬೇಕಾದರೂ ತೊಡಿಸಬಹುದು, ಬಾಡಿಗೆ ಪೇಟದ ಹಾಗೆ. ‘ಮಳೆಗಾಲದ ರಾತ್ರಿ ಕರೆಂಟ್ ಹೋದರೆ ಊರು ಮೊದಲು ನೆನೆಯುವುದು ನಿಮ್ಮನ್ನು’ ಎಂಬ ಸಾಲು ನಿವೃತ್ತ ಲೈನ್‌ಮನ್‌ಗೆ ಮಾತ್ರ ಸರಿಹೊಂದುತ್ತದೆ. ‘ಮರ್ಯಾದೆ’, ‘ಅಭಿಮಾನ’ ಒಂದೇ ಅಲ್ಲ ಎನ್ನುವುದೂ ನೆನಪಿರಲಿ: ಮರ್ಯಾದೆಯನ್ನು ಹೆದರಿಯೂ ಕೊಡುತ್ತಾರೆ. ‘ಕೊಡುಗೈ ದಾನಿ’ ಎಂದು ಬರೆದರೆ ಶಾಮಿಯಾನದ ಬಿಲ್ಲು ಯಾರ ತಲೆಗೆ ಎಂದು ಸಭೆಗೇ ತಿಳಿಯುತ್ತದೆ.

ಅಳತೆ ನೂರೈವತ್ತು ಪದ ಮೀರಬಾರದು. ನಿಧಾನವಾಗಿ ಓದಿದರೆ ಒಂದೂವರೆ ನಿಮಿಷ. ಅಷ್ಟು ಹೊತ್ತು ಪೇಟ ಕಣ್ಣಿನ ಮೇಲೆ ಜಾರದೆ ನಿಲ್ಲುತ್ತದೆ. ‘ತಾವು’ ಎಂದು ಶುರುಮಾಡಿದ್ದನ್ನು ‘ಇವರು’ ಎಂದು ಮುಗಿಸಬೇಡಿ, ಎದುರಿಗಿದ್ದವರು ಇದ್ದಕ್ಕಿದ್ದಂತೆ ಎದ್ದುಹೋದ ಹಾಗಾಗುತ್ತದೆ. ಹೋದ ವರ್ಷದ ಫೈಲನ್ನೇ ತಿದ್ದುವುದಾದರೆ ಹೆಸರು ಮೇಲೆ ಮಾತ್ರವಲ್ಲ, ಮೂರನೇ ಪ್ಯಾರಾದಲ್ಲೂ ಇರುತ್ತದೆ. ‘ನುಡಿ’ ತಂತ್ರಾಂಶದ ಅಕ್ಷರಗಳನ್ನು ಯೂನಿಕೋಡ್‌ಗೆ ಬದಲಿಸಿದ್ದರೆ ಅರ್ಕಾವತ್ತುಗಳನ್ನು ಎಣಿಸಿಕೊಳ್ಳಿ. ಇನಿಷಿಯಲ್ಲನ್ನು ಮನೆಯವರಿಗೆ ಫೋನ್ ಮಾಡಿ ಕೇಳಿ, ಫ್ರೇಮಿಗೆ ಗಾಜು ಕೂರಿಸುವ ಮೊದಲು.